ಯೆಕ್‌ದೆಲಾನಿನ ಕೆಂಪು ದೀಪ

ಯೆಕ್‌ದೆಲಾನ್ ನಗರವಾಗಿ ಎರಡು ವರ್ಷ ಕಳೆದಿದ್ದರೂ, ಅದು ನಗರವೆಂದು ಮನಸಾರೆ ನಂಬಿದ್ದವರು ಇಬ್ಬರೇ. ಒಬ್ಬರು ಸರ್ಕಾರ ಕಳಿಸಿದ್ದ ಮೇಯರ್ ಕಾವೂಸಿ, ಇನ್ನೊಬ್ಬ ಮಶ್ ಹೆಶ್ಮತ್. ಮೇಯರಿಗಾದರೆ ನಂಬುವುದಕ್ಕೆ ಸಂಬಳ ಬರುತ್ತಿತ್ತು. ಹೆಶ್ಮತ್ ಪುಕ್ಕಟೆಯಾಗಿ ನಂಬಿದ್ದ.

ಉಳಿದವರ ಪ್ರಕಾರ ಅಲ್ಲಿದ್ದದ್ದು ಮೂರು ಹಳ್ಳಿಗಳು, ಮತ್ತು ಆ ಮೂರನ್ನೂ ಒಂದೇ ಕಾಗದದ ಮೇಲೆ ಕೂರಿಸಿದ ಯಾರದೋ ಕಿತಾಪತಿ. ಬೆಟ್ಟದ ಮಗ್ಗುಲಿಗೆ ಅಂಟಿಕೊಂಡಿದ್ದದ್ದು ಬಾಲಾಸರ್. ನೀರು ಹುಟ್ಟುವುದು, ಗುಲಾಬಿ ಬೆಳೆಯುವುದು ಅಲ್ಲಿ. ಇಳಿಜಾರಿನ ಕೆಳಗೆ ಮಿಯಾನ್‌ರೂದ್. ಪನ್ನೀರು ಇಳಿಸುವ ತಾಮ್ರದ ಹಂಡೆಗಳಿರುವುದು ಅಲ್ಲಿ. ಹೆದ್ದಾರಿಯ ಅಂಚಿಗೆ ಕೊಹ್ನೆದೆ. ಅಲ್ಲಿ ರೊಟ್ಟಿಯ ಭಟ್ಟಿ, ಚಹಾದಂಗಡಿ, ಹಾಗೂ ಉಳಿದೆರಡು ಊರಿನವರ ಬಗ್ಗೆ ಮಾತಾಡಲು ಬೇಕಾದಷ್ಟು ಪುರುಸೊತ್ತು ಇದ್ದವು. ಮೂರನ್ನೂ ಸೇರಿಸಿ ನಗರ ಮಾಡುವಾಗ ಪ್ರತಿ ಊರೂ ತನ್ನ ಹೆಸರನ್ನೇ ಇಡಬೇಕೆಂದು ಹಟ ಹಿಡಿಯಿತು. ಅರ್ಜಿಗಳನ್ನು ಓದಿ ಓದಿ ಸುಸ್ತಾದ ರಾಜಧಾನಿಯ ಯಾವನೋ ಗುಮಾಸ್ತ, ಊರನ್ನು ಕಣ್ಣಿನಿಂದ ನೋಡದೆಯೇ, ಯೆಕ್‌ದೆಲಾನ್ ಎಂದು ಬರೆದು ಮೊಹರು ಒತ್ತಿದ. ಒಂದೇ ಮನಸ್ಸಿನವರು ಎಂದು ಅದರ ಅರ್ಥ.

ಆ ಒಂದೇ ಮನಸ್ಸು ಎಂಥದ್ದೆಂದರೆ, ಹನ್ನೊಂದು ವರ್ಷಗಳ ಹಿಂದೆ ಕಾಲುವೆ ನೀರಿನ ಸರದಿಯ ಜಗಳದಲ್ಲಿ, ಮಿಯಾನ್‌ರೂದಿಗೆ ತಮ್ಮ ಗುಲಾಬಿಯ ಒಂದು ಎಸಳನ್ನೂ ಕೊಡುವುದಿಲ್ಲವೆಂದು ಬಾಲಾಸರಿನ ಹಿರಿಯರು ಆಣೆ ಹಾಕಿದ್ದರು. ಕೊಟ್ಟರೂ ಮುಟ್ಟುವುದಿಲ್ಲವೆಂದು ಮಿಯಾನ್‌ರೂದಿನವರು ಆಣೆ ಹಾಕಿದ್ದರು. ಅಂದಿನಿಂದ ಬಾಲಾಸರಿನ ಹೂವು ಮಿಯಾನ್‌ರೂದಿನ ಹಂಡೆಗಳ ಮುಂದೆಯೇ ಹಾದು ನಲವತ್ತು ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರದ ಕಾರ್ಖಾನೆಗೆ ಹೋಗುತ್ತಿತ್ತು. ಮಿಯಾನ್‌ರೂದಿನ ಹಂಡೆಗಳಿಗೆ ಆಚೆ ಕಣಿವೆಯಿಂದ ಅಷ್ಟೇ ದೂರದ ಹೂವು ಬರುತ್ತಿತ್ತು. ಹೂವಿನ ಕಾಲದಲ್ಲಿ ಎರಡು ಗಾಡಿಗಳೂ ದಿನಾ ಬೆಳಿಗ್ಗೆ ಹೆದ್ದಾರಿಯಲ್ಲಿ ಎದುರಾಗುತ್ತಿದ್ದವು. ಇಬ್ಬರು ಡ್ರೈವರುಗಳೂ ಆ ಹೊತ್ತಿಗೆ ಸರಿಯಾಗಿ ಬೆಟ್ಟದ ಸೊಬಗು ನೋಡುತ್ತಿದ್ದರು.

ಅವರಲ್ಲಿ ಬಾಲಾಸರಿನ ಡ್ರೈವರೇ ಮಶ್ ಹೆಶ್ಮತ್. ಹೆಸರು ಹೆಶ್ಮತೊಲ್ಲಾ, ಮಶ್‌ಹದ್ ಯಾತ್ರೆ ಮುಗಿಸಿ ಬಂದ ಮೇಲೆ ಮಶ್ ಹೆಶ್ಮತ್. ಐವತ್ತೆರಡು ವಯಸ್ಸು, ಎರಡು ತುದಿಯೂ ಮೇಲಕ್ಕೆ ತಿರುಗಿದ ಮೀಸೆ, ಮೂರನೇ ಗೇರಿಗೆ ಬೀಳಲೊಲ್ಲದ ಒಂದು ನೀಲಿ ಪಿಕಪ್. ಹರೆಯದಲ್ಲಿ ಸೈನ್ಯದ ಕಡ್ಡಾಯ ಸೇವೆಗೆಂದು ಎರಡು ವರ್ಷ ಇಸ್ಫಹಾನಿನಲ್ಲಿದ್ದ. ಅಲ್ಲಿ ಟ್ರಾಫಿಕ್ ಪೊಲೀಸರ ಜೊತೆಗಿದ್ದೆ ಎಂದು ಅವನು ಹೇಳುತ್ತಿದ್ದದ್ದು ಸುಳ್ಳೇನಲ್ಲ. ಅವರ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಆ ಎರಡು ವರ್ಷದ ಬಲದ ಮೇಲೆ ಅವನು ಇಪ್ಪತ್ತೆಂಟು ವರ್ಷದಿಂದ ಕಲ್ ಯದೊಲ್ಲಾನ ಚಹಾದಂಗಡಿಯಲ್ಲಿ ಕೂತು ನಗರವೆಂದರೇನು ಎಂದು ತಿಳಿಹೇಳುತ್ತಿದ್ದ. ನಗರದಲ್ಲಿ ಜನ ಕಿಟಕಿಯಿಂದ ಕೂಗಿ ಕರೆಯುವುದಿಲ್ಲ. ನಗರದಲ್ಲಿ ಕುರಿ ಲಿಫ್ಟ್ ಹತ್ತುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ, ಕೆಂಪು ದೀಪ ಕಂಡರೆ ನಗರದವನು ನಿಲ್ಲುತ್ತಾನೆ. ಹಳ್ಳಿಗೂ ನಗರಕ್ಕೂ ಇರುವ ಅಂತರ ಅಷ್ಟೇ.

ಕಲ್ ಯದೊಲ್ಲಾ ಕೊಹ್ನೆದೆಯವನು, ಕರ್ಬಲಾ ಕಂಡು ಬಂದು ಹೆಸರಿಗೆ ಕಲ್ ಸೇರಿಸಿಕೊಂಡವನು, ನಾಲಿಗೆಗೆ ಬೀಗವಿಲ್ಲದವನು. ಅವನು ಪ್ರತಿ ಸಲವೂ ಸಕ್ಕರೆ ಗಡ್ಡೆ ಮುಂದಿಟ್ಟು, ದೀಪವೇ ಇಲ್ಲದ ಊರಿನಲ್ಲಿ ನಿಲ್ಲುವುದು ಯಾರಿಗೆ ಕಷ್ಟ ಎಂದು ಕೇಳುತ್ತಿದ್ದ.

ಎರಡನೇ ವರ್ಷದ ಕೊನೆಗೆ ಮೂರು ಊರೂ, ಒಂದಕ್ಕೊಂದು ಹೇಳದೆ, ನಮ್ಮನ್ನು ಮತ್ತೆ ಹಳ್ಳಿ ಮಾಡಿ ಎಂದು ಪ್ರಾಂತ್ಯದ ಕಚೇರಿಗೆ ಅರ್ಜಿ ಹಾಕಿದವು. ಮೂರು ಊರಿನವರೂ ಒಂದೇ ವಾರದಲ್ಲಿ ಒಂದೇ ಮಾತು ಆಡಿದ್ದು ಇತಿಹಾಸದಲ್ಲಿ ಅದೇ ಮೊದಲು. ವಿಚಾರಣೆಗೆ ಒಬ್ಬ ಅಧಿಕಾರಿ ಬರುತ್ತಾರೆಂದು ಪತ್ರ ಬಂತು. ಯಾವ ದಿನ ಎಂದು ಬರೆದಿರಲಿಲ್ಲ. ಮೇಯರ್ ಕಾವೂಸಿ ಕಂಗಾಲಾದರು. ಸಣಕಲು ದೇಹದ, ಒಳ್ಳೆಯ ಮನಸ್ಸಿನ ಇಂಜಿನಿಯರ್ ಅವರು. ಅಧಿಕಾರಿ ಬರುವಷ್ಟರಲ್ಲಿ ಊರು ನಗರದಂತೆ ಕಾಣಲೆಂದು ಮೇಲಿನವರಿಗೆ ಇಪ್ಪತ್ತು ಪತ್ರ ಬರೆದರು. ಅವರು ಕೇಳಿದ್ದು ಒಳಚರಂಡಿ. ಬಂದದ್ದು ಟ್ರಾಫಿಕ್ ದೀಪ.

ಬಾಲಾಸರ್, ಮಿಯಾನ್‌ರೂದ್ ದಾರಿಗಳೂ ಹೆದ್ದಾರಿಯಿಂದ ಕೊಹ್ನೆದೆ ಹಾದು ಬರುವ ಕವಲೂ ಸೇರುವ ಕಡೆ ಕಂಬ ನೆಟ್ಟು, ರಸ್ತೆಗೆ ಬಿಳಿ ಪಟ್ಟಿ ಬಳಿದು, ಗುರುವಾರ ಸಂಜೆ ರಿಬ್ಬನ್ ಕತ್ತರಿಸಿದರು. ಮೇಯರ್ ಭಾಷಣದಲ್ಲಿ, ಈ ದೀಪಕ್ಕೆ ಮೊದಲು ಗೌರವ ಕೊಡುವ ಪ್ರಜೆ ಯಾರು ಎಂದು ಮಾತಿನ ಓಘದಲ್ಲಿ ಕೇಳಿಬಿಟ್ಟರು. ಅದು ಉತ್ತರ ಬೇಡುವ ಪ್ರಶ್ನೆಯಾಗಿರಲಿಲ್ಲ. ಆದರೆ ಹೆಶ್ಮತ್ ಆಗಲೇ ಮುಂದೆ ಬಂದಾಗಿತ್ತು. ಇವನು ನಿಲ್ಲುತ್ತಾನೆಯೇ, ಇವನ ಗಾಡಿಗೆ ಬ್ರೇಕೇ ಇಲ್ಲ ಎಂದು ಕಲ್ ಯದೊಲ್ಲಾ ಹಿಂದಿನಿಂದ ಅಂದ. ಜನ ನಕ್ಕರು. ಹೆಶ್ಮತನಿಗೆ ಮೈಯೆಲ್ಲ ಉರಿಯಿತು.

"ಹಸಿರು ದೀಪ ಹತ್ತೋ ತನಕ ಈ ಹೆಶ್ಮತ್ ಒಂದು ಗೇಣೂ ಮುಂದೆ ಹೋಗಲ್ಲ," ಎಂದ. "ಹೋದರೆ ಈ ಮೀಸೆ ನಿಂದು, ಕಲ್ ಯದೊಲ್ಲಾ. ಬೋಳಿಸಿ ನಿನ್ನ ಅಂಗಡಿ ಬಾಗಿಲಿಗೆ ಅಂಟಿಸ್ಕೋ."

ಮುನ್ನೂರು ಜನರ ಮುಂದೆ ಆಡಿದ ಮಾತು. ಮೇಯರ್ ಚಪ್ಪಾಳೆ ತಟ್ಟಿದರು.

ಶುಕ್ರವಾರವಿಡೀ ದೀಪ ಚೆನ್ನಾಗಿ ಕೆಲಸ ಮಾಡಿತು. ಮೂರು ಊರಿನವರೂ ಕಂಬಳಿ ಹಾಸಿ ದೂರ ದೂರ ಕೂತು, ಅದು ಬಣ್ಣ ಬದಲಿಸುವುದನ್ನು ನೋಡಿದರು. ಶನಿವಾರ ಬೆಳಿಗ್ಗೆ ಏಳಕ್ಕೆ ಹೆಶ್ಮತನ ಪಿಕಪ್ ಕೂಡುರಸ್ತೆಗೆ ಬಂದಾಗ ಅದು ಮೂರು ಕಡೆಗೂ ಕೆಂಪಗಿತ್ತು.

ಹೆಶ್ಮತ್ ನಿಲ್ಲಿಸಿದ. ಬಿಳಿ ಗೆರೆಗೆ ಒಂದು ಬೆರಳೂ ತಾಗದಂತೆ ನಿಲ್ಲಿಸಿದ. ಹಿಂದೆ ಹನ್ನೆರಡು ಮನೆಗಳ ಹೂವು, ನಲವತ್ತು ಗಂಟು. ಆ ವರ್ಷದ ಅತಿ ಹೆಚ್ಚು ಹೂವು ಬಿಟ್ಟ ದಿನ ಅದು. ಬೆಳಗಿನ ನಾಲ್ಕಕ್ಕೆ ಎದ್ದು, ಇಬ್ಬನಿ ಆರುವ ಮೊದಲೇ ಕಿತ್ತ ಹೂವು. ಅದು ಮಧ್ಯಾಹ್ನದೊಳಗೆ ಹಂಡೆ ಸೇರಬೇಕು. ಬಿಸಿಲು ತಗಲಿದರೆ ಕಂದು ತಿರುಗಿ, ಪರಿಮಳ ಹಾರಿ, ದನದ ಮುಂದೆ ಹಾಕುವುದಕ್ಕೂ ಬಾರದು.

ಕಾಲು ಗಂಟೆಯಾಯಿತು. ಕೆಂಪು. ಹೆಶ್ಮತ್ ಇಂಜಿನ್ ಆರಿಸಿದ. ಇಸ್ಫಹಾನಿನಲ್ಲಿ ಕೆಲವು ದೀಪಗಳು ಬಹಳ ಹೊತ್ತು ಇರುತ್ತವೆ ಎಂದು ತನಗೆ ತಾನೇ ಹೇಳಿಕೊಂಡ. ಅರ್ಧ ಗಂಟೆಯಾಯಿತು. ಕಲ್ ಯದೊಲ್ಲಾ ಒಂದು ಲೋಟ ಚಹಾ ಹಿಡಿದು ಬಂದು, ಕಿಟಕಿಯ ಮೇಲೆ ಮೊಣಕೈ ಊರಿ, ಸಾವಧಾನವಾಗಿ ಮೀಸೆಯನ್ನೇ ನೋಡಿದ.

"ಬಲಗಡೆ ತುದಿ ಸ್ವಲ್ಪ ಉದ್ದ ಇದೆ ಮಶ್ ಹೆಶ್ಮತ್. ಅಂಟಿಸೋಕೆ ಮುಂಚೆ ಸಮ ಮಾಡ್ಕೋತೀನಿ."

"ಚಹಾ ಇಟ್ಟು ಹೋಗು."

"ದೀಪ ಕೆಟ್ಟಿದೆ ಕಣಯ್ಯ."

"ಕೆಟ್ಟಿದೆ ಅಂತ ಹೇಳೋಕೆ ನೀನ್ಯಾರು? ದೀಪ ಕೆಂಪಗಿದೆ. ನಾನು ನಿಂತಿದೀನಿ. ಮುಗೀತು."

ಇದು ಇಷ್ಟಕ್ಕೇ ಮುಗಿಯಬಹುದಿತ್ತು. ಅಷ್ಟರಲ್ಲಿ ಮಿಯಾನ್‌ರೂದಿನ ದಾರಿಯಿಂದ ಹಾಲಿನ ವ್ಯಾನ್ ಬಂತು. ಅದರ ಡ್ರೈವರ್ ದೀಪಕ್ಕೆ ಲಕ್ಷ್ಯ ಕೊಡದೆ ದಾಟುವವನೇ ಇದ್ದ. ಎದುರಿಗೆ ಬಾಲಾಸರಿನವನು ಶಿಸ್ತಾಗಿ ನಿಂತಿರುವುದು ಕಣ್ಣಿಗೆ ಬಿತ್ತು. ಬಾಲಾಸರಿನವರು ನಗರದವರು, ಮಿಯಾನ್‌ರೂದಿನವರು ಹಳ್ಳಿ ಗಮಾರರು ಎಂದು ನಾಳೆ ಯಾರಾದರೂ ಅಂದರೆ? ಅವನೂ ನಿಲ್ಲಿಸಿದ. ಅವನು ನಿಂತದ್ದನ್ನು ಕಂಡು ಕೊಹ್ನೆದೆಯ ರೊಟ್ಟಿ ವ್ಯಾನ್ ನಿಂತಿತು. ಅದರ ಹಿಂದೆ ಟ್ರ್ಯಾಕ್ಟರ್, ಟ್ರ್ಯಾಕ್ಟರಿನ ಹಿಂದೆ ಗ್ಯಾಸ್ ಸಿಲಿಂಡರಿನ ಗಾಡಿ, ಅದರ ಹಿಂದೆ ಕತ್ತೆಯ ಮೇಲೆ ಕೂತ ಒಬ್ಬ ಮುದುಕ. ಕತ್ತೆಗೆ ಇದು ಅನ್ವಯಿಸುವುದಿಲ್ಲವೆಂದು ಯಾರೋ ಹೇಳಿದ್ದಕ್ಕೆ ಮುದುಕ ಮುಖ ಊದಿಸಿಕೊಂಡು, ತನ್ನ ಕತ್ತೆ ಯಾರ ಗಾಡಿಗೂ ಕಡಿಮೆಯಲ್ಲ ಎಂದ. ಎಂಟು ಗಂಟೆಯ ಹೊತ್ತಿಗೆ ಮೂರು ದಾರಿಯಲ್ಲೂ ಸಾಲು ಬೆಳೆದಿತ್ತು. ಎಲ್ಲರಿಗೂ ದಾಟಬೇಕಿತ್ತು, ಮೊದಲು ದಾಟುವ ಊರು ತನ್ನದಾಗಬಾರದು, ಅಷ್ಟೇ.

ಮೇಯರ್ ಓಡಿ ಬಂದರು. ಅವರು ಮೊದಲು ಪೊಲೀಸರಿಗೆ ಫೋನ್ ಮಾಡಿದರು. ದೀಪವನ್ನು ನಮಗಿನ್ನೂ ಹಸ್ತಾಂತರ ಮಾಡಿಲ್ಲ, ಆದ್ದರಿಂದ ಅದು ನಿಮ್ಮದು ಎಂದು ಪೊಲೀಸರು ಹೇಳಿದರು. ತಮ್ಮ ಕಡತ ತೆಗೆದು ನೋಡಿದರೆ, ದೀಪ ಹತ್ತಿದ ಗಳಿಗೆಯಿಂದ ಅದು ಪೊಲೀಸರದು ಎಂದು ಬರೆದಿತ್ತು. ಹೀಗೆ ಯಾರದೂ ಅಲ್ಲದ ಆ ದೀಪ ಎಲ್ಲರ ಮೇಲೂ ಕೆಂಪಗೆ ಉರಿಯುತ್ತಿತ್ತು. ಎಲೆಕ್ಟ್ರಿಷಿಯನ್ ನಾದಿನಿಯ ಮದುವೆಗೆ ಹೋಗಿದ್ದ. ಮಧ್ಯಾಹ್ನದ ಊಟ ಮುಗಿಸದೆ ಹೊರಟರೆ ಜನ್ಮವಿಡೀ ಕೇಳಬೇಕಾಗುತ್ತದೆಂದು ಹೇಳಿದ್ದ.

ಮೇಯರ್ ಪಿಕಪ್ಪಿನ ಕಿಟಕಿಗೆ ಬಾಯಿಟ್ಟು, ಯಾರಿಗೂ ಕೇಳದ ಹಾಗೆ, ಹೋಗಿಬಿಡು ಎಂದರು. ಅದನ್ನೇ ಬರೆದು ಸಹಿ ಹಾಕಿ ಕೊಡಿ ಎಂದ ಹೆಶ್ಮತ್. ಮೇಯರ್ ಜೇಬಿನಿಂದ ಪೆನ್ ತೆಗೆದರು, ಮುಚ್ಚಳ ಬಿಚ್ಚಿದರು, ಮತ್ತೆ ಮುಚ್ಚಿದರು. ಕೆಂಪು ದೀಪ ದಾಟಲು ಅಪ್ಪಣೆ ಕೊಟ್ಟ ಮೊದಲ ಮೇಯರ್ ಎಂಬ ಕಾಗದ ಆ ಅಧಿಕಾರಿಯ ಕೈಗೆ ಸಿಕ್ಕಿದರೆ ಏನು ಗತಿ?

ಸುದ್ದಿ ಬೆಟ್ಟ ಹತ್ತಿತು. ಬಾಲಾಸರಿನ ಹೆಂಗಸರು ತಲೆಯಿಂದ ಹೊದೆಯುವ ಚಾದರವನ್ನು ಸೊಂಟಕ್ಕೆ ಬಿಗಿದು ಇಳಿದು ಬಂದರು. ಬಾರದವಳೆಂದರೆ ಹೆಶ್ಮತನ ಹೆಂಡತಿ ತಾಜ್‌ಮಾಹ್ ಒಬ್ಬಳೇ; ಮನೆಯಲ್ಲಿ ಆಡು ಈಯುವುದರಲ್ಲಿತ್ತು. ಗಂಡ ಕೆಂಪು ದೀಪದಲ್ಲಿ ಸಿಕ್ಕಿಕೊಂಡಿದ್ದಾನೆಂದು ಯಾರೋ ಹೇಳಿದರೆ, ಗಾಯ ಆಗಿಲ್ಲ ತಾನೇ ಎಂದು ಕೇಳಿ ಆಡಿನ ಕಡೆ ತಿರುಗಿದ್ದಳಂತೆ.

ಹೆಂಗಸರು ತಾಡಪಾಲು ಸರಿಸಿ ನೋಡಿದರು. ಹೂವಿನ ಗಂಟುಗಳು ಬೆಚ್ಚಗಾಗಿದ್ದವು. ಖಾವರ್ ಅಜ್ಜಿ, ಸಂಧಿವಾತದಿಂದ ಬೆರಳು ಸೊಟ್ಟಗಾದ ಮುದುಕಿ, ತನ್ನದೇ ತಲೆವಸ್ತ್ರದಲ್ಲಿ ಕಟ್ಟಿ ಕೊಟ್ಟಿದ್ದ ಸಣ್ಣ ಗಂಟನ್ನು ಹುಡುಕಿ ಕೈ ಇಟ್ಟು ನೋಡಿದಳು. ಹೆಶ್ಮತನಿಗೆ ಬೈಯಲಿಲ್ಲ. ಚಾದರದ ಅಂಚಿನಿಂದ ಗಂಟಿಗೆ ಗಾಳಿ ಹಾಕುತ್ತಾ ನಿಂತಳು, ಜ್ವರ ಬಂದ ಮಗುವಿಗೆ ಹಾಕಿದ ಹಾಗೆ.

ಹೆಶ್ಮತ್ ಕನ್ನಡಿಯಲ್ಲಿ ಅದನ್ನು ನೋಡಿದ. ಅದೇ ಕನ್ನಡಿಯಲ್ಲಿ ತನ್ನ ಮೀಸೆಯನ್ನೂ ನೋಡಿದ. ಮೂವತ್ತು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ. ಒಂದು ನಿಟ್ಟುಸಿರು ಬಿಟ್ಟು, ಕಲ್ ಯದೊಲ್ಲಾನನ್ನು ಹತ್ತಿರ ಕರೆದು, ಕತ್ತರಿ ಸಿದ್ಧ ಮಾಡಿಕೋ ಎಂದು ಮೆಲ್ಲಗೆ ಹೇಳಿ, ಕೀಲಿ ತಿರುಗಿಸಿದ. ಇಂಜಿನ್ ಕೆಮ್ಮಿ ಎದ್ದಿತು. ಕಲ್ ಯದೊಲ್ಲಾನಿಗೆ ನಗು ಬರಬೇಕಿತ್ತು, ಯಾಕೋ ಬರಲಿಲ್ಲ.

ಆಗ ಮಿಯಾನ್‌ರೂದಿನ ಗೊಹರ್ ಖಾನೊಮ್ ರಸ್ತೆಯ ಬಿಳಿ ಪಟ್ಟಿಯ ಮೇಲೆ ಬಂದು ಪಿಕಪ್ಪಿಗೆ ಅಡ್ಡ ನಿಂತಳು. ಆರು ಹಂಡೆಗಳ ಒಡತಿ, ಗಂಡ ಸತ್ತ ಮೇಲೆ ಭಟ್ಟಿಯನ್ನು ಒಬ್ಬಳೇ ನಡೆಸುತ್ತಿದ್ದವಳು, ಬಾಗಿಲಷ್ಟು ಅಗಲದ ಹೆಂಗಸು. ಅವಳ ಭಟ್ಟಿಯ ಅಂಗಳ ಕೂಡುರಸ್ತೆಯ ಆಚೆ ಬದಿಗೇ ಇತ್ತು. ಹನ್ನೊಂದು ವರ್ಷದಿಂದ ಅವಳು ಈ ಪಿಕಪ್ಪಿನ ಹೊಗೆ ಕುಡಿದಿದ್ದಳೇ ಹೊರತು ಅದರ ಡ್ರೈವರನ ಜೊತೆ ಒಂದು ಮಾತಾಡಿದವಳಲ್ಲ.

"ಇಂಜಿನ್ ಆರಿಸು," ಎಂದಳು.

"ಖಾನೊಮ್, ಹೂವು ಸಾಯ್ತಿದೆ."

"ಅದಕ್ಕೇ ಹೇಳ್ತಿರೋದು. ಎರಡು ವರ್ಷದಲ್ಲಿ ಈ ಊರಲ್ಲಿ ಆಡಿದ ಮಾತಿಗೆ ನಿಂತೋನು ನೀನೊಬ್ಬ. ಅದನ್ನೂ ಕೆಡಿಸ್ಕೋಬೇಡ. ಕೆಂಪು ದೀಪ ಇರೋದು ಗಾಡಿಗೆ. ಹೂವಿಗೆ ಯಾರು ಇಟ್ಟಿದಾರೆ ದೀಪ?"

ಆಚೆ ಕಣಿವೆಯಿಂದ ಅವಳಿಗೆ ಬರಬೇಕಾಗಿದ್ದ ಗಾಡಿ ಹೆದ್ದಾರಿಯ ಸಾಲು ಕಂಡು ವಾಪಸು ಹೋಗಿತ್ತು. ಒಲೆ ಹೊತ್ತಿಸಿ ಆಗಿತ್ತು, ಆರು ಹಂಡೆ ಬಾಯಿ ಬಿಟ್ಟು ಕೂತಿದ್ದವು. ಇಲ್ಲಿ ಹಂಡೆಯಿಲ್ಲದ ಹೂವು, ಅಲ್ಲಿ ಹೂವಿಲ್ಲದ ಹಂಡೆ, ನಡುವೆ ಇಪ್ಪತ್ತು ಹೆಜ್ಜೆ ರಸ್ತೆ. ಬೆಳಗಿನಿಂದ ಮುನ್ನೂರು ಜನ ಅದನ್ನು ಕಣ್ಣಾರೆ ನೋಡುತ್ತಿದ್ದರು. ಯಾರೂ ಬಾಯಿ ಬಿಟ್ಟಿರಲಿಲ್ಲ, ಏಕೆಂದರೆ ಎಲ್ಲರೂ ನೀರುಗಂಟಿ ಸಫ್ದರನ ಕಡೆ ನೋಡುತ್ತಿದ್ದರು.

ಬಾಲಾಸರಿನ ಕಾಲುವೆಯ ನೀರು ಹಂಚುವವನು ಸಫ್ದರ್. ಹನ್ನೊಂದು ವರ್ಷದ ಹಿಂದೆ ಆಣೆ ಹಾಕಿದವರಲ್ಲಿ ಮೊದಲಿಗ. ಎಂಬತ್ತರ ಹತ್ತಿರದ ಮುದುಕ. ಗುದ್ದಲಿಯ ಮೇಲೆ ಗದ್ದ ಊರಿ ನಿಂತಿದ್ದವನು, ಒಂದು ಎಸಳನ್ನೂ ಕೊಡುವುದಿಲ್ಲ ಎಂದು ಕುರಾನ್ ಮುಟ್ಟಿ ಹೇಳಿದ್ದೇವೆ ಎಂದ. ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು.

ಗೊಹರ್ ಖಾನೊಮ್ ಅವನ ಹತ್ತಿರ ಹೋದಳು. "ಕೊಡಬೇಡಿ ಸಫ್ದರ್ ಮಾವ. ನಾವೂ ಮುಟ್ಟಲ್ಲ ಅಂತ ಆಣೆ ಹಾಕಿದೀವಿ, ಮುಟ್ಟಲ್ಲ. ನಿಮ್ಮ ಹೆಂಗಸರೇ ಹೊತ್ತು ತರಲಿ, ಅವರೇ ಹಂಡೆಗೆ ಸುರೀಲಿ. ಹೂವು ನಿಮ್ಮದು, ಇಳಿದ ಪನ್ನೀರು ನಿಮ್ಮದು. ನನ್ನದು ಹಂಡೆ, ಬೆಂಕಿ. ಬೆಂಕಿ ಬಗ್ಗೆ ಯಾರೂ ಆಣೆ ಹಾಕಿಲ್ಲವಲ್ಲ?"

ಸಫ್ದರ್ ಗುದ್ದಲಿಯಿಂದ ಗದ್ದ ಎತ್ತಿದ. ಆಣೆಯ ಒಂದೊಂದು ಮಾತನ್ನೂ ಬಾಯಲ್ಲೇ ಮತ್ತೊಮ್ಮೆ ಹೇಳಿ ನೋಡಿಕೊಂಡ. ಬೆಂಕಿಯ ಸುದ್ದಿ ಎಲ್ಲೂ ಇರಲಿಲ್ಲ.

"ತಣ್ಣೀರಿಗೇನು ಮಾಡ್ತೀಯ ಮಗಳೇ?" ಎಂದು ಕೇಳಿದ. ಹಂಡೆಯಿಂದ ಹೊರಟ ಆವಿ ಕೊಡದಲ್ಲಿ ಇಳಿದು ಪನ್ನೀರಾಗಬೇಕಾದರೆ ಕೊಡ ತಣ್ಣೀರಿನ ತೊಟ್ಟಿಯಲ್ಲಿ ಕೂತಿರಬೇಕು. ಮಿಯಾನ್‌ರೂದಿನ ನೀರಿನ ಸರದಿ ಸೋಮವಾರ.

ಗೊಹರ್ ಖಾನೊಮ್ ತನ್ನ ಅಂಗಳದ ಕಡೆ ತಿರುಗಿ ನೋಡಿದಳು. ತೊಟ್ಟಿ ತಳ ಹಿಡಿದಿತ್ತು. ಆರು ಹಂಡೆಗೆ ಅದು ಸಾಲದೆಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮುದುಕ ಗುದ್ದಲಿ ಹೆಗಲಿಗೇರಿಸಿ ತಿರುಗಿ ಬೆಟ್ಟದ ಕಡೆ ನಡೆದುಬಿಟ್ಟ. ಕೋಪಿಸಿಕೊಂಡು ಹೋದನೆಂದೇ ಎಲ್ಲರೂ ತಿಳಿದರು. ಮುಕ್ಕಾಲು ಗಂಟೆಯ ಮೇಲೆ, ಒಣಗಿ ಬಿರುಕುಬಿಟ್ಟಿದ್ದ ಮಿಯಾನ್‌ರೂದಿನ ಕಾಲುವೆಯಲ್ಲಿ ಮೊದಲು ಧೂಳು, ಕಸಕಡ್ಡಿ, ಆಮೇಲೆ ಒಂದು ಹಳೇ ಚಪ್ಪಲಿ, ಅದರ ಹಿಂದೆ ಬಾಲಾಸರಿನ ಪಾಲಿನ ಶನಿವಾರದ ನೀರು ಬಂತು. ಮಿಯಾನ್‌ರೂದಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು, ಹೊಗೆ ಎಂದಳು.

ಆಮೇಲೆ ಏನು ಹೇಳುವುದು. ಬಾಲಾಸರಿನ ಹೆಂಗಸರು ಗಂಟು ತಲೆಗೇರಿಸಿ, ಬಿಳಿ ಪಟ್ಟಿಯಿಂದ ಒಂದು ಹೆಜ್ಜೆಯೂ ಹೊರಗಿಡದೆ, ಒಬ್ಬರ ಹಿಂದೊಬ್ಬರು ರಸ್ತೆ ದಾಟಿದರು. ಪಟ್ಟಿಯ ಅಂಚಿಗೆ ಬಂದವಳಿಗೆ ಪಿಕಪ್ಪಿನೊಳಗಿಂದ ಹೆಶ್ಮತ್ ಹಾರ್ನ್ ಹೊಡೆದು ತಿದ್ದುತ್ತಿದ್ದ. ಡ್ರೈವರ್ ಆದವನು ದೀಪದ ಮುಂದೆ ಗಾಡಿ ಬಿಟ್ಟು ಇಳಿಯಬಾರದೆಂದು ಅವನು ಕೂತಲ್ಲೇ ಕೂತಿದ್ದ. ಹಂಡೆಯ ಮುಚ್ಚಳದ ಸಂದಿಗೆ ಮೆತ್ತಲು ಹಿಟ್ಟು ಬೇಕೆಂದಾಗ ಕೊಹ್ನೆದೆಯ ರೊಟ್ಟಿಯವನು, ಹೇಗೂ ವ್ಯಾನಿನಲ್ಲಿ ಕಲಸಿದ ಹಿಟ್ಟು ಹುಳಿ ಬರುತ್ತಿದೆ ಎಂದು ಒಂದು ಬುಟ್ಟಿ ಎತ್ತಿಕೊಟ್ಟ. ಹಾಲಿನ ವ್ಯಾನಿನವನು ಹಾಲು ಒಡೆಯುವ ಮೊದಲು ಗಿಣ್ಣು ಮಾಡಿರೆಂದು ಕ್ಯಾನ್ ಇಳಿಸಿದ. ಖಾವರ್ ಅಜ್ಜಿಯ ಗಂಟನ್ನು ಮಾತ್ರ ಮಿಯಾನ್‌ರೂದಿನ ಒಬ್ಬಳು ಕೈಯಿಂದ ಕಸಿದುಕೊಂಡು ತಾನೇ ಹೊತ್ತು ನಡೆದಳು. ಮುಟ್ಟುವುದಿಲ್ಲವೆಂಬ ಆಣೆ ಅಲ್ಲಿಗೆ ಮುರಿಯಿತು. ಕಂಡವರೆಲ್ಲ ಆ ಹೊತ್ತಿಗೆ ಬೆಟ್ಟದ ಸೊಬಗು ನೋಡಿದರು.

ಒಂದು ಗಂಟೆಯ ಸುಮಾರಿಗೆ ಹೆದ್ದಾರಿಯ ಕಡೆಯ ಸಾಲಿನ ಕೊನೆಗೆ ಒಂದು ಕಾರು ಬಂದು ನಿಂತಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ, ಚರ್ಮದ ಚೀಲ ಹಿಡಿದ ಗಿಡ್ಡ ಮನುಷ್ಯರೊಬ್ಬರು ಇಳಿದು ನಡೆದು ಬಂದು, ಇಲ್ಲಿ ಏನಾಗಿದೆ ಎಂದು ಕೇಳಿದರು.

ಏನಾಗಿದೆ ಎಂದು ಕೇಳುವ ಚೀಲದ ಮನುಷ್ಯನಿಗಾಗಿ ಜನ ಬೆಳಗಿನಿಂದ ಕಾಯುತ್ತಿದ್ದರು. ಕಲ್ ಯದೊಲ್ಲಾ ಅವರ ಚೀಲ ತೆಗೆದುಕೊಂಡ. ಇನ್ನಿಬ್ಬರು ಏಣಿ ತಂದು ಕಂಬಕ್ಕೆ ಒರಗಿಸಿದರು. ಮದುವೆ ಊಟ ಚೆನ್ನಾಗಿತ್ತೇ ಎಂದು ಒಬ್ಬ ವಿಚಾರಿಸಿದ.

"ನೋಡಿ, ನಾನು ಪ್ರಾಂತ್ಯದ ಕಚೇರಿಯಿಂದ ಬಂದಿದೀನಿ. ಈ ಊರು ನಗರವಾಗಿ ಉಳೀಬೇಕಾ ಬೇಡ್ವಾ ಅಂತ..."

"ಅದನ್ನ ಆಮೇಲೆ ನೋಡೋಣ," ಎಂದ ಕಲ್ ಯದೊಲ್ಲಾ. "ಮೊದಲು ಹತ್ತಿ. ನಮ್ಮ ಹೆಶ್ಮತ್ ಏಳು ಗಂಟೆಯಿಂದ ಕೂತಿದಾನೆ."

ನಮ್ಮ ಹೆಶ್ಮತ್ ಎಂದು ಕೊಹ್ನೆದೆಯವನ ಬಾಯಲ್ಲಿ ಬಂದದ್ದನ್ನು ಪಿಕಪ್ಪಿನಲ್ಲಿದ್ದವನು ಕೇಳಿಸಿಕೊಂಡ. ಕೇಳಿಸದವನ ಹಾಗೆ ಮೀಸೆ ತಿರುವಿದ.

ಆ ಅಧಿಕಾರಿ ಯಾವ ಕಚೇರಿಯಲ್ಲೂ ಜನರಿಂದ ಇಷ್ಟು ಪ್ರೀತಿಯ ಬಲವಂತ ಕಂಡವರಲ್ಲ. ಬೇಡ ಬೇಡವೆನ್ನುತ್ತಲೇ ಒಂಬತ್ತು ಮೆಟ್ಟಿಲು ಹತ್ತಿ, ಪೆಟ್ಟಿಗೆಯ ಮುಚ್ಚಳ ತೆಗೆದು, ಒಳಗಿದ್ದ ತಂತಿಗಳನ್ನು ನೋಡಿ ಹೆದರಿ, ಕಣ್ಣು ಈಚೆ ತಿರುಗಿಸಿದರು. ಮೇಲಿನಿಂದ ಎಲ್ಲವೂ ಕಾಣುತ್ತಿತ್ತು. ಮೂರು ದಾರಿಯಲ್ಲಿ ಮೂರು ಸಾಲು ಗಾಡಿಗಳು, ಒಂದೂ ಗೆರೆ ದಾಟದೆ. ಬೆಟ್ಟದಿಂದ ಇಳಿಯುವ ನೀರಿನ ಗೆರೆ. ಆರು ಒಲೆಗಳ ಹೊಗೆ, ತಾಮ್ರದ ಮೇಲೆ ಬಿಸಿಲು. ರಸ್ತೆಯಂಚಿನ ಮಲ್ಬೆರಿ ಮರಗಳ ಕೆಳಗೆ ಒಂದೇ ಉದ್ದನೆಯ ಹಾಸು. ಅದರ ಮೇಲೆ ರೊಟ್ಟಿ, ಸೊಪ್ಪು, ಗಿಣ್ಣು. ಸುತ್ತಲೂ ಯಾರು ಯಾವ ಊರಿನವರೆಂದು ಬೇರ್ಪಡಿಸಲಾಗದ ಜನ. ಮತ್ತು ಇಡೀ ಕೂಡುರಸ್ತೆಯನ್ನು ತುಂಬಿಕೊಂಡ ಗುಲಾಬಿಯ ಪರಿಮಳ. ಅಧಿಕಾರಿ ಏಣಿಯ ಮೇಲೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಂತರು.

ಮೇಯರ್ ಕಾವೂಸಿ ಅಷ್ಟರಲ್ಲಿ ಬಂದು, ಏಣಿಯ ಮೇಲಿರುವವರು ಯಾರೆಂದು ಗುರುತು ಹಿಡಿದು, ಕಂಬವನ್ನೇ ತಬ್ಬಿಕೊಂಡು ಕೂತುಬಿಟ್ಟರು.

ಕೆಳಗಿಳಿದ ಅಧಿಕಾರಿ ಸಿಟ್ಟಾಗಲಿಲ್ಲ. ಚೀಲದಿಂದ ಮೂರು ಅರ್ಜಿ ತೆಗೆದು, ಸಹಿ ಹಾಕಿದವರನ್ನು ವಿಚಾರಿಸಬೇಕೆಂದರು. ಬಾಲಾಸರಿನ ಅರ್ಜಿಯಲ್ಲಿ ಸಫ್ದರನ ಹೆಬ್ಬೆಟ್ಟಿತ್ತು. ಅವನು ತೂಬು ಕಾಯುತ್ತಿದ್ದ, ಬರಲಾಗುವುದಿಲ್ಲವೆಂದು ಹೇಳಿ ಕಳಿಸಿದ. ಮಿಯಾನ್‌ರೂದಿನ ಅರ್ಜಿ ಗೊಹರ್ ಖಾನೊಮಿನದು. ಹಂಡೆ ಇಳಿಯುವ ತನಕ ತನ್ನನ್ನು ಮಾತಾಡಿಸಬಾರದೆಂದಳು. ಕೊಹ್ನೆದೆಯದು ಕಲ್ ಯದೊಲ್ಲಾನದು. ಅವನು ಒಟ್ಟಿಗೆ ಎಪ್ಪತ್ತು ಲೋಟ ಚಹಾ ಹಂಚುತ್ತಿದ್ದ. ಅರ್ಜಿಯನ್ನು ಇಸಕೊಂಡು ಅದರ ಮೇಲೆ ಲೋಟಗಳನ್ನಿಟ್ಟು ಅಧಿಕಾರಿಗೇ ಚಹಾ ತಂದುಕೊಟ್ಟ.

ನಿಜವಾದ ಎಲೆಕ್ಟ್ರಿಷಿಯನ್ ಎರಡೂವರೆಗೆ ಬಂದ. ಕಂಬ ಹತ್ತಿ ಏನೋ ತಿರುಗಿಸಿದ. ದೀಪ ಹಸಿರಾಯಿತು.

ಯಾರೂ ಅಲುಗಲಿಲ್ಲ. ಆಗತಾನೆ ಗೊಹರ್ ಖಾನೊಮ್ ಮೊದಲ ಹಂಡೆಯ ಕೊಡವನ್ನು ತೊಟ್ಟಿಯಿಂದ ಎತ್ತುತ್ತಿದ್ದಳು. ಹಸಿರಾಗಿದೆ, ಹೋಗಿ ಎಂದು ಎಲೆಕ್ಟ್ರಿಷಿಯನ್ ಮೇಲಿನಿಂದ ಕೂಗಿದ. ಇರಪ್ಪ, ಪನ್ನೀರು ಇಳೀತಿದೆ ಎಂದು ಕತ್ತೆಯ ಮೇಲಿನ ಮುದುಕ ಗದರಿದ. ಮೊದಲ ಲೋಟವನ್ನು ಖಾವರ್ ಅಜ್ಜಿಗೆ ಕೊಟ್ಟರು. ಅವಳು ಅಂಗೈಗೆ ಹಾಕಿಕೊಂಡು ಮುಖಕ್ಕೆ ಹಚ್ಚಿ, ಕಣ್ಣು ಮುಚ್ಚಿ, ಇದೇ ನನ್ನ ಮದುವೆಯಲ್ಲಿ ಚಿಮುಕಿಸಿದ್ದು ಎಂದಳು. ಅಷ್ಟರಲ್ಲಿ ದೀಪ ಎಂಟು ಸಲ ಕೆಂಪಾಗಿ ಎಂಟು ಸಲ ಹಸಿರಾಗಿತ್ತು.

ಒಂಬತ್ತನೇ ಹಸಿರಿಗೆ ಹೆಶ್ಮತ್ ಹೊರಟ. ಮೂರು ಊರಿನವರೂ ಎದ್ದು ನಿಂತು ದಾರಿ ಬಿಟ್ಟರು. ಅವನು ಕೈ ಬೀಸಲಿಲ್ಲ; ಗಾಡಿ ಓಡಿಸುವಾಗ ಎರಡೂ ಕೈ ಸ್ಟೀರಿಂಗಿನ ಮೇಲಿರಬೇಕು. ಗಂಭೀರವಾಗಿ ರಸ್ತೆ ದಾಟಿದ. ದಾಟಿದ ಮೇಲೆ ಹೊಳೆಯಿತು, ಜಿಲ್ಲಾ ಕೇಂದ್ರಕ್ಕೆ ಒಯ್ಯಲು ಗಾಡಿಯಲ್ಲಿ ಏನೂ ಇಲ್ಲ. ಮನೆಯಿರುವುದು ಹಿಂದೆ. ಮುಂದೆ ಹೋಗಿ, ತಿರುಗಿಸಿಕೊಂಡು, ಅದೇ ಕೂಡುರಸ್ತೆಗೆ ಆಚೆ ಕಡೆಯಿಂದ ಬಂದ. ಕೆಂಪು.

ನಿಲ್ಲಿಸಿದ. ಮುನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಲ್ ಯದೊಲ್ಲಾ ಮಾತ್ರ ನಗದೆ ಇನ್ನೊಂದು ಲೋಟ ಚಹಾ ಹಿಡಿದು ರಸ್ತೆಗಿಳಿದ, ಬಿಳಿ ಪಟ್ಟಿಯ ಮೇಲೆಯೇ ನಡೆದು ಬಂದ.

ವರದಿ ಬಂದದ್ದು ಒಂದು ತಿಂಗಳ ಮೇಲೆ. ಮೇಯರ್ ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಮೂರೇ ಸಾಲು: "ಮೂವರು ಅರ್ಜಿದಾರರನ್ನೂ ಸ್ಥಳದಲ್ಲಿಯೇ ವಿಚಾರಿಸಲಾಯಿತು. ಯಾರಿಗೂ ಪುರುಸೊತ್ತಿರಲಿಲ್ಲ. ಅರ್ಜಿಗಳನ್ನು ಮುಕ್ತಾಯಗೊಳಿಸಬಹುದು."

ಆ ಶನಿವಾರ ಸಂಜೆ ಹೆಶ್ಮತ್ ಮನೆಗೆ ಬಂದಾಗ ಆಡು ಎರಡು ಮರಿ ಹಾಕಿತ್ತು. ತಾಜ್‌ಮಾಹ್ ಅಂಗಳದಲ್ಲಿ ಕೂತು ಮರಿಗಳನ್ನು ಹಳೇ ಕಂಬಳಿಯಿಂದ ಒರೆಸುತ್ತಿದ್ದಳು. ಮಧ್ಯಾಹ್ನಕ್ಕೆ ಬರಬೇಕಾದವರು ಈ ಹೊತ್ತಿಗೆ ಬರುತ್ತೀರಲ್ಲ, ಇಷ್ಟು ಹೊತ್ತು ಎಲ್ಲಿದ್ದಿರಿ ಎಂದು ತಲೆಯೆತ್ತದೆ ಕೇಳಿದಳು.

ಹೆಶ್ಮತ್ ಟೋಪಿ ತೆಗೆದು ಗೂಟಕ್ಕೆ ಹಾಕಿದ. ಕಟ್ಟೆಯ ಮೇಲೆ ಉಸ್ಸೆಂದು ಕೂತು ಕಾಲು ಚಾಚಿದ.

"ಟ್ರಾಫಿಕ್ಕು ಕಣೆ," ಎಂದ.